ಶಿವಯೋಗಿ ಸಿದ್ಧರಾಮೇಶ್ವರರು: ಶಿವಸಂಕಲ್ಪವೂ ಜೀವಸ್ವಾತಂತ್ರ್ಯವೂ

ಶಿವನ ಅಪ್ಪಣೆಯಿಲ್ಲದೆ ಒಂದು ತೃಣವೂ ಅಲುಗಲಾರದೆಂಬುದು ಭಕ್ತರ ಮನೆಮನೆಯ ನಂಬಿಕೆ. ಮಾಡಿದವನೇ ಉಣ್ಣತಕ್ಕವನೆಂಬುದೂ ಅದೇ ಮನೆಗಳ ನಂಬಿಕೆ. ಈ ಎರಡು ಮಾತುಗಳೂ ಒಂದೇ ನಾಲಗೆಯ ಮೇಲೆ ಬಹುಕಾಲದಿಂದ ಜೊತೆಯಾಗಿ ನೆಲೆಸಿರುವುವು. ಆದರೆ ಇವೆರಡನ್ನೂ ಎದುರುಬದುರಾಗಿ ನಿಲ್ಲಿಸಿ ವಿಚಾರಿಸಿದಾಗ ಮನಸ್ಸು ತತ್ತರಿಸುವುದು. ಎಲ್ಲವನ್ನೂ ಶಿವನೇ ಮಾಡಿಸುವನಾದರೆ ಜೀವನಿಗೆ ಪುಣ್ಯಪಾಪಗಳ ಲೇಪವೇಕೆ? ಜೀವನೇ ಮಾಡುವನಾದರೆ ಶಿವನ ಸರ್ವಕರ್ತೃತ್ವಕ್ಕೆ ಅರ್ಥವೇನು? ಶಿವಾನುಭವವನ್ನು ಪಡೆದ ಮಹಾತ್ಮರು ತಾವಿಲ್ಲವೆಂದೂ ಎಲ್ಲವೂ ಶಿವನೆಂದೂ ಸಾರುವಾಗ ಈ ತೊಡಕು ಮತ್ತಷ್ಟು ಬಿಗಿಯಾಗುವುದು. ಏಕೆಂದರೆ ಅದೇ ಮಹಾತ್ಮರು ಸತ್ಯವನ್ನು ನುಡಿಯಬೇಕೆಂದೂ ಕಾಯಕವನ್ನು ಬಿಡಬಾರದೆಂದೂ ಲೋಕಕ್ಕೆ ಬೋಧಿಸಿದರು. ಸ್ವಂತ ಇಚ್ಛೆಯೇ ಇಲ್ಲದವನಿಗೆ ಬೋಧೆಯಿಂದ ಪ್ರಯೋಜನವೇನು?

ಶೈವಶಾಸ್ತ್ರಗಳು ಈ ಪ್ರಶ್ನೆಗೆ ತಮ್ಮದೇ ಆದ ಪರಿಭಾಷೆಯಲ್ಲಿ ಉತ್ತರವನ್ನು ಕೊಟ್ಟಿರುವುವು. 36 ತತ್ತ್ವಗಳಲ್ಲಿ ನಿಯತಿಯೆಂಬುದೊಂದು ತತ್ತ್ವವು. ಇಂಥವನು ಇಂಥದನ್ನೇ ಅನುಭವಿಸಬೇಕೆಂದು ಕಟ್ಟುಮಾಡುವುದೇ ಅದರ ವ್ಯಾಪಾರ. ಆದರೆ ಆ ನಿಯತಿಯು ಶಿವತತ್ತ್ವದ ಮೇಲಿನದಲ್ಲ, ಮಾಯೆಯಿಂದ ಹುಟ್ಟಿದುದು. ಆಣವ, ಮಾಯಾ, ಕಾರ್ಮಿಕಗಳೆಂಬ ಮಲತ್ರಯದಿಂದ ಸಂಕುಚಿತನಾದ ಜೀವನನ್ನು ಮಾತ್ರವೇ ಅದು ಬಿಗಿಯಬಲ್ಲುದು. ಹೀಗೆ ಶಾಸ್ತ್ರವು ದಾರಿಯ ನಕ್ಷೆಯನ್ನು ಬರೆದು ತೋರಿಸುವುದು. ಆ ದಾರಿಯಲ್ಲಿ ನಡೆದು, ಎಡವಿ, ಎದ್ದು, ಗುರಿಯನ್ನು ಮುಟ್ಟಿದ ಒಂದು ಜೀವಿತವನ್ನು ನೋಡಬೇಕಾದರೆ ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರ ಚರಿತ್ರೆಯನ್ನು ಮನನಮಾಡಬೇಕು.

ಸಿದ್ಧರಾಮೇಶ್ವರರು 12ನೆಯ ಶತಮಾನದಲ್ಲಿ ಬಾಳಿದವರು. ಅವರ ಜನ್ಮಸ್ಥಳವಾದ ಸೊನ್ನಲಿಗೆಯೇ ಇಂದು ಮಹಾರಾಷ್ಟ್ರಕ್ಕೆ ಸೇರಿರುವ ಸೊಲ್ಲಾಪುರವು. ಅವರ ಚರಿತ್ರೆಗೆ ಮುಖ್ಯ ಆಧಾರಗಳು ಎರಡು ಬಗೆಯವು. ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕ ಕವಿಯು ರಚಿಸಿದ ಸಿದ್ಧರಾಮ ಚರಿತ್ರೆಯು ಮೊದಲನೆಯದು. ಅವರ ಬಾಲ್ಯವೂ ಶ್ರೀಶೈಲಯಾತ್ರೆಯೂ ಸೊನ್ನಲಿಗೆಯಲ್ಲಿ ನಡೆಸಿದ ಧರ್ಮಕಾರ್ಯಗಳೂ ಆ ಕಾವ್ಯದಲ್ಲಿ ವರ್ಣಿತವಾಗಿವೆ. ಅಲ್ಲಮಪ್ರಭುದೇವರೊಡನೆ ನಡೆದ ಸಮಾಗಮವೂ ಕಲ್ಯಾಣದ ಪ್ರಸಂಗವೂ 15ನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಶೂನ್ಯಸಂಪಾದನೆಗಳಲ್ಲಿಯೂ ನಿರೂಪಿತವಾಗಿವೆ. ಇವೆಲ್ಲಕ್ಕೂ ಮಿಗಿಲಾಗಿ ಕಪಿಲಸಿದ್ಧಮಲ್ಲಿಕಾರ್ಜುನನೆಂಬ ಅಂಕಿತದಲ್ಲಿ ಸಾವಿರಕ್ಕೂ ಮಿಕ್ಕು ಉಳಿದುಬಂದಿರುವ ಅವರ ವಚನಗಳೇ ಅವರ ಅಂತರಂಗಕ್ಕೆ ಕನ್ನಡಿಯಾಗಿವೆ.

ಮುದ್ದುಗೌಡನೂ ಸುಗ್ಗಲದೇವಿಯೂ ಸೊನ್ನಲಿಗೆಯ ಒಕ್ಕಲು ದಂಪತಿಗಳು. ಅವರ ಉದರದಲ್ಲಿ ಮಹಾಪುರುಷನೊಬ್ಬನು ಅವತರಿಸುವನೆಂದು ರೇವಣಸಿದ್ಧರು ಮುಂದಾಗಿಯೇ ನುಡಿದಿದ್ದರೆಂದು ಪರಂಪರೆಯು ಹೇಳುವುದು. ಇಲ್ಲಿಂದಲೇ ಪ್ರಶ್ನೆಯು ಮೊಳೆಯುವುದು. ಹುಟ್ಟುವುದಕ್ಕೆ ಮೊದಲೇ ಯಾವನ ಬಾಳು ನಿಶ್ಚಿತವಾಗಿರುವುದೋ ಅವನು ತನ್ನ ಬಾಳಿನಲ್ಲಿ ಸ್ವಂತವಾಗಿ ಮಾಡುವುದಾದರೂ ಏನು? ಹುಟ್ಟಿದ ಕೂಸು ಕೂಡ ಆ ಭವಿಷ್ಯವಾಣಿಯನ್ನು ಹಾಸ್ಯಮಾಡುವಂತೆ ಮೌನವಾಗಿ, ಮುಗ್ಧವಾಗಿ ಬೆಳೆಯಿತು. ಆಡಬೇಕಾದ ವಯಸ್ಸಿನಲ್ಲಿ ಆಡಲಿಲ್ಲ; ನೋಡಿದವರು ಇವನು ಮಂದನೆಂದುಕೊಂಡರು. ತಂದೆತಾಯಿಗಳು ಅವನನ್ನು ಹೊಲದ ಕಾವಲಿಗೂ ದನಗಳ ಹಿಂದೆಯೂ ಕಳುಹಿಸಿದರು.

ಒಂದು ದಿನ ಹೊಲದಲ್ಲಿ ಜಂಗಮಮೂರ್ತಿಯೊಬ್ಬನು ಬಾಲಕನ ಮುಂದೆ ಕಾಣಿಸಿಕೊಂಡನು. ತನ್ನ ಹೆಸರು ಮಲ್ಲಯ್ಯನೆಂದೂ ತನ್ನ ಊರು ಶ್ರೀಶೈಲವೆಂದೂ ತಿಳಿಸಿ, ಹೊಲದ ಎಳೆಯ ತೆನೆಯನ್ನು ಬೇಡಿ ಉಂಡು, ಒಡಲು ಉರಿಯುವುದೆಂದು ಮಜ್ಜಿಗೆಯ ಅನ್ನವನ್ನು ತರಹೇಳಿದನು. ಅಲ್ಲಿಯವರೆಗೂ ತುಟಿ ತೆರೆಯದಿದ್ದ ಬಾಲಕನು ಮನೆಗೆ ಓಡಿ ತಾಯಿಯನ್ನು ಬಾಯ್ತುಂಬ ಬೇಡಿದನು. ಸುಗ್ಗಲದೇವಿಗೆ ಆಶ್ಚರ್ಯವೂ ಆನಂದವೂ ಒಮ್ಮೆಲೇ ಉಂಟಾದುವು. ಅನ್ನವನ್ನು ಹೊತ್ತು ಹಿಂದಿರುಗಿದಾಗ ಹೊಲದಲ್ಲಿ ಮಲ್ಲಯ್ಯನಿರಲಿಲ್ಲ. ಬಾಲಕನು ಕೂಗಿದನು, ಅತ್ತನು, ಅರಸಿದನು. ಶ್ರೀಶೈಲಕ್ಕೆ ಹೊರಟಿದ್ದ ಜಂಗಮರ ಗುಂಪೊಂದು ದಾರಿಯಲ್ಲಿ ಕಂಡಿತು. ಅವರು ಮಲ್ಲಯ್ಯನನ್ನು ತೋರಿಸುವೆವೆಂದು ಹೇಳಿದರು. ಬಾಲಕನು ಮನೆಯ ಕಡೆಗೆ ತಿರುಗಿ ನೋಡದೆ ಅವರ ಹಿಂದೆ ನಡೆದನು.

ಕೃಷ್ಣಾತೀರದ ಆ ಪರ್ವತವನ್ನೇರಿ ಬಂದಾಗ ಜಂಗಮರು ಗುಡಿಯ ಲಿಂಗಮೂರ್ತಿಯನ್ನು ತೋರಿಸಿ ಇವನೇ ಮಲ್ಲಯ್ಯನೆಂದರು. ಬಾಲಕನು ಒಪ್ಪಲಿಲ್ಲ. ತನ್ನೊಡನೆ ಮಾತನಾಡಿದ, ತನ್ನ ಕೈಯಿಂದ ಉಂಡ, ತನ್ನನ್ನು ಕಳುಹಿಸಿ ಮರೆಯಾದ ಮಲ್ಲಯ್ಯನೇ ಅವನಿಗೆ ಬೇಕು. ಗಿರಿಯ ಗುಹೆಗಳನ್ನೂ ಕಾಡುಗಳನ್ನೂ ಕೂಗುತ್ತ ಸುತ್ತಿ, ಎಲ್ಲಿಯೂ ಕಾಣದೆ, ಕಡೆಗೆ ಕಡಿದಾದ ಕೊಳ್ಳದ ಅಂಚಿಗೆ ಬಂದು, ಕಾಣದ ಬಾಳು ಬೇಡವೆಂದು ಕೆಳಗೆ ಧುಮುಕಲು ಮುಂದಾದನು. ಆ ಕ್ಷಣದಲ್ಲಿ ಮಲ್ಲಯ್ಯನು ಬಂದು ಕೈಹಿಡಿದನು.

ಈ ಪ್ರಸಂಗವನ್ನು ಭಕ್ತರು ಅನೇಕ ಸಲ ಕೇಳಿ ಕಣ್ಣೀರಿಟ್ಟಿರುವರು. ಆದರೆ ಇದರೊಳಗೆ ಒಂದು ಸೂಕ್ಷ್ಮವಿದೆ. ಹೊಲಕ್ಕೆ ಬಂದು ಬಾಲಕನನ್ನು ಮೊದಲು ಎಚ್ಚರಿಸಿದವನು ಮಲ್ಲಯ್ಯನು. ಆ ಕರೆಯು ಬಾಲಕನ ಸಂಪಾದನೆಯಲ್ಲ. ಆದರೆ ಕರೆದವನು ತಾನೇ ಮರೆಯಾದನು. ಬಾಲಕನನ್ನು ಎತ್ತಿಕೊಂಡು ಹೋಗಿ ಶ್ರೀಶೈಲದಲ್ಲಿ ಇಳಿಸಲಿಲ್ಲ. ನಡೆದವನು ಬಾಲಕನು, ಕಲ್ಲಿನ ಮುಂದೆ ನಿಂತು ಇದು ಸಾಲದೆಂದವನು ಬಾಲಕನು, ಕೊಳ್ಳದ ಅಂಚಿನಲ್ಲಿ ಹೆಜ್ಜೆಯನ್ನೆತ್ತಿದವನು ಬಾಲಕನು. ಹೆಜ್ಜೆಯು ಅವನದು, ಹಿಡಿದ ಕೈ ಮಲ್ಲಯ್ಯನದು. ಹೆಜ್ಜೆಯನ್ನು ಎತ್ತದವನಿಗೆ ಆ ಕೈ ಸಿಕ್ಕುತ್ತಿರಲಿಲ್ಲ. ಆ ಕೈ ಇಲ್ಲದಿದ್ದರೆ ಹೆಜ್ಜೆಯು ಮೃತ್ಯುವಾಗುತ್ತಿದ್ದಿತು. ಶಿವನ ಕೃಪೆಯು ಜೀವನ ಇಚ್ಛೆಯನ್ನು ಕೊಲ್ಲುವುದಿಲ್ಲ. ಅದನ್ನು ಎಬ್ಬಿಸಿ, ಕಡೆಯವರೆಗೆ ನಡೆಯಗೊಟ್ಟು, ಅದು ತನ್ನ ಎಲ್ಲೆಯನ್ನು ಮುಟ್ಟಿದಲ್ಲಿ ಕೈಕೊಡುವುದು. ಇದು ಸಿದ್ಧರಾಮೇಶ್ವರರ ಜೀವಿತದ ಮೊದಲನೆಯ ಪಾಠವು.

ಮಲ್ಲಿಕಾರ್ಜುನನು ಅವರನ್ನು ಶ್ರೀಶೈಲದಲ್ಲಿ ನಿಲ್ಲಿಸಿಕೊಳ್ಳಲಿಲ್ಲ. ಸೊನ್ನಲಿಗೆಗೆ ಹಿಂದಿರುಗಿ ಅದನ್ನೇ ಎರಡನೆಯ ಶ್ರೀಶೈಲವಾಗಿ ಮಾಡಬೇಕೆಂದು ಅಪ್ಪಣೆಯಾಯಿತು. ಅಪ್ಪಣೆಯಂತೆ ಸಿದ್ಧರಾಮೇಶ್ವರರು ಊರಿಗೆ ಬಂದು ಗುಡಿಯನ್ನು ಕಟ್ಟಿಸಿದರು, ಊರಿನ ಸುತ್ತಲೂ 68 ಲಿಂಗಗಳನ್ನು ಸ್ಥಾಪಿಸಿದರು, ಹಸಿದವರಿಗೆ ಅನ್ನವನ್ನಿಕ್ಕುವ ಏರ್ಪಾಡು ಮಾಡಿದರು, ಬಡವರ ಮದುವೆಗಳನ್ನು ನೆರವೇರಿಸಿದರು. ಎಲ್ಲಕ್ಕೂ ಹಿರಿದಾಗಿ ಒಂದು ವಿಶಾಲವಾದ ಕೆರೆಯನ್ನು ತೋಡಿಸಿದರು. ಮಳೆ ಕಡಿಮೆಯಾದ ಆ ಸೀಮೆಯಲ್ಲಿ ನೀರೇ ಪ್ರಾಣವು. ನೂರಾರು ಕೈಗಳು ಮಣ್ಣು ಅಗೆದುವು, ಕಲ್ಲು ಹೊತ್ತುವು. ಯೋಗಿಯು ಅವರ ನಡುವೆ ತಾನೂ ಒಬ್ಬನಾಗಿ ನಿಂತನು.

ಇಷ್ಟೆಲ್ಲವನ್ನೂ ಮಾಡಿದ ಸಿದ್ಧರಾಮೇಶ್ವರರು ತಾವು ಮಾಡಿದೆವೆಂದು ಹೇಳಿಕೊಂಡವರಲ್ಲ. ಮಲ್ಲಯ್ಯನ ಅಪ್ಪಣೆ, ಮಲ್ಲಯ್ಯನ ಕೆಲಸ, ಮಲ್ಲಯ್ಯನ ಊರು ಎಂಬುದೇ ಅವರ ಭಾವ. ಎಲ್ಲವೂ ಶಿವಸಂಕಲ್ಪವೆಂಬ ನಂಬಿಕೆಯಲ್ಲಿ ಅವರು ದೃಢರಾಗಿದ್ದರು. ಆ ನಂಬಿಕೆಯು ನಾಲಗೆಯಲ್ಲಿ ಎಷ್ಟು ದೃಢವಾಗಿತ್ತೋ ಪ್ರಾಣದಲ್ಲಿಯೂ ಅಷ್ಟೇ ದೃಢವಾಗಿತ್ತೆ ಎಂಬುದನ್ನು ಒರೆಹಚ್ಚುವುದಕ್ಕೆ ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಂದರು.

ಪ್ರಭುದೇವರು ಬಂದ ರೀತಿಯೇ ವಿಚಿತ್ರವಾದುದು. ಕೆರೆಯ ಕೆಲಸವು ನಡೆಯುತ್ತಿದ್ದ ಸ್ಥಳದಲ್ಲಿ ನಿಂತು, ಆ ಒಡ್ಡರಾಮನು ಎಲ್ಲಿರುವನೆಂದು ಕೇಳಿದರು. ತಮ್ಮ ಗುರುವನ್ನು ಮಣ್ಣು ತೋಡುವವನೆಂದು ಹಗುರವಾಗಿ ಕರೆದುದನ್ನು ಕೇಳಿ ಕೆಲಸಗಾರರು ಕೆರಳಿ ಕಲ್ಲುಗಳನ್ನು ಬೀರಿದರು. ಪ್ರಭುದೇವರಿಗೆ ಒಂದೂ ತಾಕಲಿಲ್ಲ. ಬೀರಿದ ಕಲ್ಲುಗಳು ರಾಶಿಯಾಗಿ ಬಿದ್ದುವು. ಸುದ್ದಿಯನ್ನು ಕೇಳಿ ಸಿದ್ಧರಾಮೇಶ್ವರರೇ ಬಂದರು. ಅವರಿಗೂ ಕೋಪವು ಉಕ್ಕಿತು. ಯೋಗಬಲದಿಂದ ಅವರ ಹಣೆಗಣ್ಣು ತೆರೆದು ಉರಿಯು ಹೊಮ್ಮಿತೆಂದೂ ಆ ಉರಿಯು ಪ್ರಭುದೇವರನ್ನು ಸುಡಲಾರದೆ ಅಡಗಿತೆಂದೂ ಪುರಾತನರು ವರ್ಣಿಸಿರುವರು.

ಹಣೆಗಣ್ಣಿನ ಉರಿಯನ್ನು ಹೇಗೆ ಅರ್ಥಮಾಡಿಕೊಂಡರೂ ಪ್ರಸಂಗದ ಮರ್ಮವು ಒಂದೇ. ಕೆರೆಯನ್ನು ಕಟ್ಟಿಸುವವನು ಮಲ್ಲಯ್ಯನೇ ಆಗಿದ್ದರೆ ಒಡ್ಡನೆಂಬ ಹೆಸರು ಮಲ್ಲಯ್ಯನಿಗೆ ತಾಕಬೇಕಾಗಿತ್ತು, ಸಿದ್ಧರಾಮರಿಗೆ ತಾಕಿದುದೇಕೆ? ಎಲ್ಲವೂ ಶಿವಸಂಕಲ್ಪವಾಗಿದ್ದರೆ ಆ ಬಿರುನುಡಿಯೂ ಶಿವಸಂಕಲ್ಪವೇ ಆಗಬೇಕಲ್ಲವೆ? ಒಳ್ಳೆಯ ಕೆಲಸವು ಶಿವನದು, ಅದಕ್ಕೆ ಬಂದ ನಿಂದೆ ಮಾತ್ರ ಹೊರಗಿನದು ಎಂದರೆ ಶಿವನ ಸರ್ವಕರ್ತೃತ್ವವು ಅರ್ಧಕ್ಕೆ ನಿಂತಂತಾಯಿತು. ಮಾಡುವವನು ಶಿವನೆಂದು ಹೇಳುವ ಬಾಯಿಯ ಹಿಂದೆ, ಹೇಳಿದವನು ನಾನೆಂಬ ಒಂದು ಸಣ್ಣ ಎಳೆಯು ಉಳಿದಿತ್ತು. ಶಾಸ್ತ್ರವು ಆಣವಮಲವೆಂದು ಕರೆಯುವುದು ಅದನ್ನೇ. ಅಂಥ ಎಳೆಯು ಕೆಟ್ಟವರಲ್ಲಿ ಮಾತ್ರವಲ್ಲ, ಪರೋಪಕಾರಿಗಳಲ್ಲಿಯೂ ಇರುವುದು. ಪರೋಪಕಾರಿಗಳಲ್ಲಿ ಅದು ಪುಣ್ಯದ ಬಣ್ಣವನ್ನು ಹಚ್ಚಿಕೊಂಡಿರುವುದರಿಂದ ಕಣ್ಣಿಗೆ ಬೀಳುವುದು ಮತ್ತಷ್ಟು ಕಷ್ಟ.

ಲೋಕದಲ್ಲಿ ಸಾಮಾನ್ಯರು ಈ ತಪ್ಪನ್ನು ತಿರುಗುಮುರುಗಾಗಿ ಮಾಡುವರು. ಕೈಗೂಡಿದ ಕೆಲಸವನ್ನು ತಮ್ಮದೆಂದು ಹಾಡಿಕೊಳ್ಳುವರು. ಕೆಟ್ಟ ಕೆಲಸವನ್ನು ವಿಧಿಯ ಹೆಗಲಿಗೆ ಹೊರಿಸುವರು. ಶರಣರು ಇದಕ್ಕೆ ಎಂದಿಗೂ ಎಡೆಗೊಡಲಿಲ್ಲ. ಶುಭದಿನ ಅಶುಭದಿನಗಳ ಲೆಕ್ಕವನ್ನು ಬಸವಣ್ಣನವರು ತಳ್ಳಿಹಾಕಿದುದು ಇದೇ ಕಾರಣದಿಂದ. ದುಡಿಮೆಯಲ್ಲಿ ಪ್ರಾಮಾಣಿಕನಲ್ಲದವನು ಗ್ರಹಗತಿಯನ್ನು ದೂರುವುದು ಶಿವನಿಂದ ತಪ್ಪಿಸಿಕೊಳ್ಳುವ ಉಪಾಯವೇ ಹೊರತು ಶಿವನಲ್ಲಿ ನಂಬಿಕೆಯಲ್ಲ. ಲಾಭವು ನನಗೆ ಬೇಕೆಂಬ ಆಸೆಯಿರುವವರೆಗೂ ಪಾಪವೂ ನನ್ನದೇ. ಲಾಭವನ್ನು ಇಟ್ಟುಕೊಂಡು ಪಾಪವನ್ನು ಮಾತ್ರ ಶಿವನಿಗೆ ಅರ್ಪಿಸುವುದಕ್ಕೆ ಯಾವ ಭಕ್ತನಿಗೂ ಅಧಿಕಾರವಿಲ್ಲ.

ಪ್ರಭುದೇವರ ನುಡಿಯಿಂದ ಸಿದ್ಧರಾಮೇಶ್ವರರ ಕಣ್ಣು ಒಳಮುಖವಾಗಿ ತೆರೆಯಿತು. ಕೆರೆ ಗುಡಿಗಳನ್ನು ಕಟ್ಟಿದ ಪುಣ್ಯವು ಪುಣ್ಯವೇ ಆದರೂ ಅದು ಫಲವನ್ನು ಕೊಟ್ಟು ತೀರುವಂಥದು. ಕರ್ಮವು ಎಷ್ಟೇ ಶುಭವಾಗಿರಲಿ, ಕರ್ಮದಿಂದ ಬಿಡುಗಡೆಯನ್ನು ತಾನಾಗಿ ಕೊಡಲಾರದು. ಪ್ರಭುದೇವರು ಕೆರೆಯನ್ನು ಹಾಳುಮಾಡಬೇಕೆಂದು ಹೇಳಿದವರಲ್ಲ; ಕೆರೆಯೊಳಗೆ ಅಡಗಿದ್ದ ನಾನೆಂಬುದನ್ನು ತೋರಿಸಿದರು. ಸಿದ್ಧರಾಮೇಶ್ವರರು ಅವರನ್ನು ಗುರುವೆಂದು ನಂಬಿ, ತಾವು ಬೆಳೆಸಿದ ಊರನ್ನೂ ಜನರ ಮನ್ನಣೆಯನ್ನೂ ಬಿಟ್ಟು ಕಲ್ಯಾಣಕ್ಕೆ ಹೊರಟರು. ಬಾಲ್ಯದಲ್ಲಿ ಮಲ್ಲಯ್ಯನ ಹಿಂದೆ ಮನೆಬಿಟ್ಟು ನಡೆದವರು ಈಗ ಪ್ರಭುದೇವರ ಹಿಂದೆ ತಮ್ಮ ಕೀರ್ತಿಯನ್ನು ಬಿಟ್ಟು ನಡೆದರು. ಮನೆಯನ್ನು ಬಿಡುವುದಕ್ಕಿಂತ ಇದು ಕಠಿನವಾದ ನಡಿಗೆ.

ಕಲ್ಯಾಣದಲ್ಲಿ ಇನ್ನೊಂದು ಪರೀಕ್ಷೆಯು ಕಾದಿತ್ತು. ಅವರು ಮಹಾಯೋಗಿಗಳಾಗಿದ್ದರೂ ಅಂಗದ ಮೇಲೆ ಇಷ್ಟಲಿಂಗವಿರಲಿಲ್ಲ. ದೀಕ್ಷೆಯ ಮಾತು ಬಂದಾಗ ಅವರು ಸಂಶಯವನ್ನೆತ್ತಿದರು. ಅಂತರಂಗದಲ್ಲಿ ಶಿವನು ಬೆಳಗುತ್ತಿರುವಾಗ ಬಹಿರಂಗದ ಕುರುಹು ಏತಕ್ಕೆ ಎಂಬುದು ಅವರ ವಾದ. ಇದು ಕೇವಲ ಆಚಾರದ ಪ್ರಶ್ನೆಯಲ್ಲ. ಮೊದಲು ಹೇಳಿದ ತೊಡಕೇ ಬೇರೆ ವೇಷದಲ್ಲಿ ಬಂದುದು. ಒಳಗಿನ ಅನುಭವವೇ ಸಾಕು, ಶಿವನು ಎಲ್ಲೆಲ್ಲಿಯೂ ತುಂಬಿರುವನು ಎಂದಮೇಲೆ ಮನುಷ್ಯನು ಕೈಯಿಂದ ಮಾಡತಕ್ಕದ್ದು ಏನೂ ಉಳಿಯುವುದಿಲ್ಲ. ಅನುಭವವು ಮನಸ್ಸಿನ ಸುಖವಾಗಿ ಒಳಗೇ ಕುಳಿತುಬಿಡುವುದು. ಕೈಕಾಲುಗಳು ಹಳೆಯ ಅಭ್ಯಾಸದ, ಹಳೆಯ ಕರ್ಮದ ಅಧೀನದಲ್ಲಿಯೇ ಉಳಿಯುವುವು.

ಚೆನ್ನಬಸವಣ್ಣನವರು ಈ ಸಂಶಯವನ್ನು ಪರಿಹರಿಸಿದರು. ಸ್ಥೂಲ, ಸೂಕ್ಷ್ಮ, ಕಾರಣಗಳೆಂಬ ಮೂರು ತನುಗಳಿಗೆ ಕ್ರಿಯಾ, ಮಂತ್ರ, ವೇಧಾ ಎಂಬ ಮೂರು ದೀಕ್ಷೆಗಳು ಹೇಳಲ್ಪಟ್ಟಿವೆ. ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗಗಳು ಆ ಮೂರರ ನೆಲೆಗಳು. ಭಾವದಲ್ಲಿ ಕಂಡ ಶಿವನು ಪ್ರಾಣಕ್ಕೂ ಪ್ರಾಣದಿಂದ ಕೈಗೂ ಇಳಿದು ಬಾರದಿದ್ದರೆ ಮನುಷ್ಯನ ಒಂದು ಪಾಲು ಮಾತ್ರ ಬಿಡುಗಡೆಯಾದಂತಾಯಿತು. ಕರಸ್ಥಲದ ಲಿಂಗವನ್ನು ದಿನದಿನವೂ ಎತ್ತಿ ಪೂಜಿಸುವವನು ಅಂದಂದಿಗೆ ತನ್ನ ಇಚ್ಛೆಯನ್ನು ಹೊಸದಾಗಿ ಶಿವನಿಗೆ ಒಪ್ಪಿಸುವನು. ಒಪ್ಪಿಸುವುದಕ್ಕೆ ಇಚ್ಛೆಯೊಂದು ಬೇಕು. ಒಪ್ಪಿಸಿದ ಮೇಲೆ ಅದು ತನ್ನದಾಗಿ ಉಳಿಯದು. ಶರಣರು ಪ್ರಸಾದವೆಂದು ಕರೆದುದು ಈ ಕೊಡುಕೊಳ್ಳುವಿಕೆಯನ್ನೇ. ಕೊಟ್ಟ ಪದಾರ್ಥವು ಪ್ರಸಾದವಾಗಿ ತಿರುಗಿ ಬರುವಂತೆ ಕೊಟ್ಟ ಸಂಕಲ್ಪವೂ ಶುದ್ಧವಾಗಿ ತಿರುಗಿ ಬರುವುದು. ಆಮೇಲೆ ಅದರಿಂದ ನಡೆಯುವ ಕೆಲಸವು ಜೀವನದೆಂದರೂ ಸಲ್ಲುವುದು, ಶಿವನದೆಂದರೂ ಸಲ್ಲುವುದು. ಎರಡಕ್ಕೂ ನಡುವೆ ಗಡಿಯನ್ನೆಳೆಯುತ್ತಿದ್ದ ನಾನೆಂಬುದು ಅಲ್ಲಿ ಇಲ್ಲ.

ಸಿದ್ಧರಾಮೇಶ್ವರರು ತಮಗಿಂತ ಕಿರಿಯರಾದ ಚೆನ್ನಬಸವಣ್ಣನವರಿಂದಲೇ ಲಿಂಗದೀಕ್ಷೆಯನ್ನು ಸ್ವೀಕರಿಸಿದರು. ಕೀರ್ತಿವಂತನಾದ ಯೋಗಿಯು ಯುವಕನೊಬ್ಬನ ಮುಂದೆ ತಲೆಬಾಗಿ ಕೈಯೊಡ್ಡಿದುದು ಅವರ ಸ್ವಾತಂತ್ರ್ಯದ ನಿಜವಾದ ಗುರುತು. ಅವರನ್ನು ಯಾರೂ ಬಲವಂತಪಡಿಸಲಿಲ್ಲ. ವಾದಿಸಿದರು, ಕೇಳಿದರು, ಮನಗಂಡರು, ಆಮೇಲೆ ಒಪ್ಪಿದರು. ಒಡ್ಡನೆಂಬ ಒಂದು ಮಾತಿಗೆ ಉರಿದೆದ್ದವರು ಅಂದು ಉರಿಯಲಿಲ್ಲ. ಕೋಪವು ಬಂದಾಗ ಅವರು ತಮ್ಮ ಸ್ವಭಾವದ ಅಧೀನರಾಗಿದ್ದರು, ತಲೆಬಾಗಿದಾಗ ಸ್ವತಂತ್ರರಾದರು. ಮನಸ್ಸಿಗೆ ಬಂದಂತೆ ಮಾಡುವುದು ಸ್ವಾತಂತ್ರ್ಯವೆಂದು ಲೋಕವು ತಿಳಿಯುವುದು. ಮನಸ್ಸಿಗೆ ಬಂದುದನ್ನು ಮಾಡುವವನು ಮನಸ್ಸಿನ ಸೇವಕನೆಂಬುದೂ, ಮನಸ್ಸಿನ ಬೇರನ್ನೇ ಶಿವನಲ್ಲಿ ನಿಲ್ಲಿಸಿದವನು ಮಾತ್ರ ಒಡೆಯನೆಂಬುದೂ ಅವರ ಬಾಳಿನಿಂದ ತಿಳಿದುಬರುವುವು.

ಪ್ರಭುದೇವರೂ ಚೆನ್ನಬಸವಣ್ಣನವರೂ ಅಲಂಕರಿಸಿದ ಶೂನ್ಯಸಿಂಹಾಸನಕ್ಕೆ ಮೂರನೆಯ ಅಧ್ಯಕ್ಷರು ಸಿದ್ಧರಾಮೇಶ್ವರರೆಂದು ಪರಂಪರೆಯು ಸ್ಮರಿಸುವುದು. ಸುಮಾರು 1167-68ರಲ್ಲಿ ಬಿಜ್ಜಳನ ಕೊಲೆಯಾಗಿ ಕಲ್ಯಾಣವು ಕದಡಿಹೋಯಿತು. ಶರಣರು ದಿಕ್ಕುದಿಕ್ಕಿಗೆ ಚದುರಿದರು. ವಿಧಿಯು ಹೀಗೆ ಬಯಸಿತೆಂದು ಕೈಕಟ್ಟಿ ಕುಳಿತಿದ್ದರೆ ವಚನಗಳ ಕಟ್ಟುಗಳು ಅಂದೇ ಅಳಿದುಹೋಗುತ್ತಿದ್ದುವು. ಶಿವನಿಚ್ಛೆಯೆಂದು ಕಷ್ಟವನ್ನು ಸಹಿಸಿದ ಆ ಶರಣರೇ ಶಿವನಿಚ್ಛೆಯೆಂದು ವಚನಗಳನ್ನು ಕಾಪಾಡಿದರು. ಬಂದುದನ್ನು ತಾಳುವುದಕ್ಕೂ ಮಾಡತಕ್ಕುದನ್ನು ಮಾಡುವುದಕ್ಕೂ ಅವರಿಗೆ ಒಂದೇ ನಂಬಿಕೆಯು ಬಲವನ್ನಿತ್ತಿತು. ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿಯೇ ಯೋಗಸಮಾಧಿಯನ್ನು ಪಡೆದರು. ಅವರ ಸಮಾಧಿಯು ಇಂದಿಗೂ ಸೊಲ್ಲಾಪುರದಲ್ಲಿ ಕೆರೆಯಿಂದ ಸುತ್ತುವರಿದ ಸಿದ್ಧೇಶ್ವರ ದೇವಾಲಯದ ಆವರಣದಲ್ಲಿ ಪೂಜೆಗೊಳ್ಳುತ್ತಿದೆ.

ಪ್ರತಿವರ್ಷವೂ ಮಕರಸಂಕ್ರಾಂತಿಯ ಸಮಯದಲ್ಲಿ ಅಲ್ಲಿ ನಡೆಯುವ ಗಡ್ಡದ ಜಾತ್ರೆಯಲ್ಲಿ ಏಳು ನಂದಿಧ್ವಜಗಳನ್ನು ಹೊತ್ತು 68 ಲಿಂಗಗಳ ದರ್ಶನಕ್ಕೆ ಮೆರವಣಿಗೆಯು ಹೊರಡುವುದು. ಇದರ ಹಿಂದೆ ಒಂದು ಕಥೆಯಿದೆ. ಕುಂಬಾರರ ಕನ್ಯೆಯೊಬ್ಬಳು ಸಿದ್ಧರಾಮೇಶ್ವರರನ್ನೇ ವರಿಸಬೇಕೆಂದು ಬಯಸಿದಳು. ಲಿಂಗಕ್ಕೆ ತಮ್ಮನ್ನು ಒಪ್ಪಿಸಿದ್ದ ಅವರು ವ್ರತವನ್ನು ಮುರಿಯಲಿಲ್ಲ, ಅವಳ ಬಯಕೆಯನ್ನು ಹೀಗಳೆಯಲೂ ಇಲ್ಲ. ತಮ್ಮ ಯೋಗದಂಡದೊಡನೆ ವಿವಾಹವಾಗುವಂತೆ ಅನುಮತಿಯಿತ್ತರು. ಆ ವಿವಾಹವೇ ಜಾತ್ರೆಯ ಅಕ್ಷತೆಯ ಉತ್ಸವವಾಗಿ ನಡೆದುಬಂದಿದೆ. ಒಂದು ಜೀವದ ಇಚ್ಛೆಯನ್ನು ತುಳಿಯದೆ ಶಿವನ ಕಡೆಗೆ ತಿರುಗಿಸುವುದು ಹೇಗೆಂಬುದಕ್ಕೆ ಇದಕ್ಕಿಂತ ಸುಲಭವಾದ ದೃಷ್ಟಾಂತವು ಬೇಕಿಲ್ಲ. ಸೊಲ್ಲಾಪುರದವರೇ ಆದ ಜಯದೇವಿತಾಯಿ ಲಿಗಾಡೆಯವರು (1912-1986) ಈ ಶಿವಯೋಗಿಯ ಚರಿತ್ರೆಯನ್ನು ತ್ರಿಪದಿಯಲ್ಲಿ ಪುರಾಣವಾಗಿ ಹಾಡಿ ಕನ್ನಡಿಗರಿಗೆ ಮತ್ತೊಮ್ಮೆ ಹತ್ತಿರಮಾಡಿದರು.

ಇನ್ನೊಂದು ಸಂಗತಿಯನ್ನು ಭಕ್ತರು ಮರೆಯಬಾರದು. ಒಡ್ಡರಾಮನೆಂಬ ಹೆಸರು ಒಂದು ಕಾಲಕ್ಕೆ ಸಿದ್ಧರಾಮೇಶ್ವರರ ಎದೆಯನ್ನು ಚುಚ್ಚಿದ ಮುಳ್ಳು. ಮಣ್ಣು ಕಲ್ಲುಗಳ ಕಾಯಕವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದ ಭೋವಿ ಸಮುದಾಯದವರು ಇಂದು ಅದೇ ಸಿದ್ಧರಾಮೇಶ್ವರರನ್ನು ತಮ್ಮ ಕುಲಗುರುವೆಂದು ಅಭಿಮಾನದಿಂದ ಆರಾಧಿಸುತ್ತಿರುವರು. ಕೀಳೆಂದು ತೋರಿದ ಹೆಸರೇ ಪೂಜ್ಯವಾಯಿತು. ಪ್ರಭುದೇವರು ಅಂದು ಆಡಿದುದು ನಿಂದೆಯೋ ಆಶೀರ್ವಾದವೋ ಎಂಬುದನ್ನು ಕಾಲವೇ ತೀರ್ಮಾನಿಸಿರುವುದು.

ಮಠಗಳಲ್ಲಿ ದಾಸೋಹವು ನಡೆಯುವುದು, ಪಾಠಶಾಲೆಗಳು ಏಳುವುವು, ಬಾವಿ ಕೆರೆಗಳು ತೋಡಲ್ಪಡುವುವು. ಭಕ್ತರು ತನುಮನಧನಗಳನ್ನು ಸವೆಸುವರು. ಇವೆಲ್ಲವನ್ನೂ ಮಾಡಿದವರು ಯಾರೆಂಬ ಪ್ರಶ್ನೆಗೆ ಸಿದ್ಧರಾಮೇಶ್ವರರ ಬಾಳು ಎರಡು ಎಚ್ಚರಿಕೆಗಳನ್ನು ಕೊಡುವುದು. ಶಿವನು ಮಾಡುವನೆಂದು ಸುಮ್ಮನೆ ಕುಳಿತವನು ಕೊಳ್ಳದ ಅಂಚಿಗೆ ಹೋಗದವನು. ಅವನಿಗೆ ಹಿಡಿಯುವ ಕೈಯ ಅನುಭವವಾಗದು. ನಾನು ಮಾಡಿದೆನೆಂದು ನಿಂತವನು ಒಂದು ಬಿರುನುಡಿಗೆ ಉರಿದುಹೋಗುವನು. ಅವನ ಕೆಲಸವು ನಿಂತರೂ ಅವನಿಗೆ ಶಾಂತಿಯಿರದು. ಕೈಯಲ್ಲಿ ಗುದ್ದಲಿಯನ್ನೂ ಕರಸ್ಥಲದಲ್ಲಿ ಲಿಂಗವನ್ನೂ ಹಿಡಿದು, ಹೊಗಳಿಕೆ ತೆಗಳಿಕೆಗಳೆರಡನ್ನೂ ಒಂದೇ ಬಾಗಿಲಿನಿಂದ ಒಳಕ್ಕೆ ಬಿಟ್ಟುಕೊಂಡು ಶಿವನಿಗೊಪ್ಪಿಸಬಲ್ಲವನೇ ನಿಯತಿಯನ್ನು ದಾಟಿದವನು. ಶಿವಯೋಗಿಯು ತೋಡಿಸಿದ ಕೆರೆಯ ನೀರು, ತೋಡಿದವನು ಜೀವನೋ ಶಿವನೋ ಎಂದು ಕೇಳದೆ ಬಾಯಾರಿದವರ ದಾಹವನ್ನು ತಣಿಸಿತು. ಅಂಥ ಕಾಯಕವೂ ಅಂಥ ನಿರಹಂಕಾರವೂ ಸದ್ಭಕ್ತರೆಲ್ಲರಲ್ಲಿ ನೆಲೆಗೊಳ್ಳಲಿ; ಶ್ರೀ ಗುರು ಸಿದ್ಧರಾಮೇಶ್ವರರ ಕೃಪೆಯು ಸಕಲರ ಮೇಲಿರಲಿ. ಶುಭಂ ಭೂಯಾತ್.